ನುಗ್ಗೆಮರದ ಹುಳ

ಆ ವರ್ಷ ಶಿವರಾತ್ರಿ ಕಳೆದ ನಾಲ್ಕನೇ ದಿನ ಒಂದು ಜೋರು ಮಳೆ ಹೊಯ್ದು ಹೋಯಿತು. ಅದಾದ ವಾರಕ್ಕೆ ವರಲಕ್ಷ್ಮಮ್ಮನ ಹಿತ್ತಲಿಗೆ ಹೊಸ ಜೀವ ಬಂತು. ಒಣಗಿ ಕಡ್ಡಿಯಾಗಿದ್ದ ಕರಿಬೇವಿನಲ್ಲಿ ಎಣ್ಣೆ ಸವರಿದಂಥ ಎಳೆ ಎಲೆ, ಮಲ್ಲಿಗೆ ಬಳ್ಳಿಯ ಗೆಣ್ಣುಗೆಣ್ಣಿಗೂ ಮೊಗ್ಗು, ಬದನೆಯಲ್ಲಿ ಹೂವು, ಮಾವಿನ ಮರದ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿದ್ದ ಆ ಊರಿನಲ್ಲಿ ಎಲ್ಲರ ಮನೆ ಹಿಂದೆಯೂ ಜಾಗವಿತ್ತು. ಎಲ್ಲರೂ ಅಲ್ಲಿ ಸೌದೆ ಒಟ್ಟಿದ್ದರು, ಇಲ್ಲವೇ ಟ್ರ್ಯಾಕ್ಟರ್ ನಿಲ್ಲಿಸಿದ್ದರು. ವರಲಕ್ಷ್ಮಮ್ಮ ಮಾತ್ರ ಮೂವತ್ತು ವರ್ಷದಿಂದ ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಹೊತ್ತು ಹಾಕಿ ಆ ಎರಡು ಗುಂಟೆಯನ್ನು ಹಿತ್ತಲು ಅನ್ನಿಸಿದ್ದಳು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಲ್ಲಿಗೆ ಹೋದರೆ ಲೋಟ ಬರಿದಾಗುವ ತನಕ ಅವಳನ್ನು ಯಾರೂ ಕೂಗುವಂತಿರಲಿಲ್ಲ. ಒಂದೊಂದೇ ಗಿಡದ ಹತ್ತಿರ ನಿಂತು, ನಿನ್ನೆ ಇದ್ದದ್ದೆಷ್ಟು, ಇವತ್ತು ಬಂದದ್ದೆಷ್ಟು ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಅದೇ ಅವಳ ಪೂಜೆ, ಅದೇ ಅವಳ ಟಿವಿ.

ಅಂಥ ಒಂದು ಬೆಳಿಗ್ಗೆ ನುಗ್ಗೆಮರದ ಕೆಳಗೆ ನಿಂತು ಹೂಗೊಂಚಲು ನೋಡುತ್ತಿದ್ದಾಗ ಏನೋ ಪಟ್ಟನೆ ಅವಳ ಕಾಫಿ ಲೋಟಕ್ಕೆ ಬಿತ್ತು. ನೋಡಿದರೆ ಕಂಬಳಿ ಹುಳ. ಬಿಸಿ ಕಾಫಿಯಲ್ಲಿ ಮೈ ತಿರುಚುತ್ತಿತ್ತು. ಲೋಟ ಎಸೆದು ತಲೆಯೆತ್ತಿದಳು. ಮರದ ಬೊಡ್ಡೆಯ ಮೇಲೆ ಅಂಗೈಯಗಲ, ಮೊರದಗಲ, ಒಂದರ ಮೇಲೊಂದು ಬಿದ್ದು ರಾಶಿರಾಶಿ ಹುಳ. ಬೊಡ್ಡೆಯೇ ಮಿಸುಕಾಡುತ್ತಿತ್ತು. ವರಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಬದನೆ ಸಾಲಿನಲ್ಲಿ ವಾಂತಿ ಮಾಡಿಕೊಂಡಳು.

ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬೇಲಿ ದಾಟಿ ಬರುತ್ತಿದ್ದ ಸೊಸೆ ಭಾನುಪ್ರಿಯಾ ನಿಂತು ನಕ್ಕಳು.

"ಏನತ್ತೆ ಇದು! ಮನೇಲಿ ಲಕ್ಷ ಹುಳ ಸಾಕ್ತೀವಿ. ಆಚೆ ನಾಕು ಹುಳ ಕಂಡ್ರೆ ನಿಮಗೆ ವಾಂತಿ."

"ಥೂ, ಅದನ್ನೂ ಇದನ್ನೂ ಒಂದೇ ಮಾಡಬ್ಯಾಡ ಕಣೇ. ರೇಷ್ಮೆ ಹುಳ ಲಕ್ಷ್ಮಿ. ಇದು ದರಿದ್ರ."

"ಎರಡೂ ಸೊಪ್ಪು ತಿನ್ನೋವೇ," ಎನ್ನುತ್ತಾ ಸೊಸೆ ಹುಳದ ಮನೆಗೆ ಹೋದಳು.

ಹುಳದ ಮನೆ ಎಂದರೆ ಹಿತ್ತಲಿನ ಬಲಕ್ಕೆ ಕಟ್ಟಿದ್ದ ಶೀಟಿನ ಉದ್ದನೆ ಕಟ್ಟಡ. ಅದರೊಳಗಿನ ಕೆಲಸವೆಲ್ಲ ಭಾನುಪ್ರಿಯಾಳದು ಮತ್ತು ಮಗ ರಮೇಶ್‌ಬಾಬುವಿನದು. ಹೊರಗಿನ ಯಜಮಾನಿಕೆ ವರಲಕ್ಷ್ಮಮ್ಮನ ಗಂಡ ರಾಮಾಂಜಿನಪ್ಪನದು. ಹಾಲಿನ ಡೇರಿಗೆ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದ ಮನುಷ್ಯ, ಈಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಇಲ್ಲದೆ ಬೀದಿಗೆ ಇಳಿಯುತ್ತಿರಲಿಲ್ಲ. ಹುಳದ ಮನೆಯ ಬಾಗಿಲಿಗೆ ತಾನೇ ಬರೆದು ಬೋರ್ಡು ಹಾಕಿದ್ದ: ಕಾಲು ತೊಳೆಯದೆ ಒಳಗೆ ಬರಕೂಡದು, ಸೆಂಟು, ಊದುಬತ್ತಿ, ಬೀಡಿ ನಿಷೇಧ, ಮುಟ್ಟಾದವರಿಗೆ ಪ್ರವೇಶವಿಲ್ಲ. ಸುತ್ತಲಿನ ಹೊಲದವರು ಟೊಮೇಟೊಗೆ ಔಷಧಿ ಹೊಡೆಯುವುದಾದರೆ ಹಿಂದಿನ ದಿನವೇ ತನಗೆ ಫೋನ್ ಮಾಡಬೇಕೆಂದು ಪಂಚಾಯ್ತಿ ಸೇರಿಸಿ ಒಪ್ಪಿಸಿದ್ದವನೂ ಅವನೇ. ಗಾಳಿಯಲ್ಲಿ ತೇಲಿ ಬಂದ ಒಂದು ಹನಿ ಔಷಧಿ ಸೊಪ್ಪಿನ ಮೇಲೆ ಕೂತರೆ ಸಾಕು, ಅದನ್ನು ತಿಂದ ಹುಳ ಬದುಕುವುದಿಲ್ಲ. ಇದು ಆ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತು.

ಅವತ್ತು ಸೋಮವಾರ. ತಿಂಡಿಗೆ ಕೂತ ಗಂಡನ ಮುಂದೆ ವರಲಕ್ಷ್ಮಮ್ಮ ಉಪ್ಪಿಟ್ಟಿನ ತಟ್ಟೆ ಕುಕ್ಕಿದಳು.

"ನಂಗೆ ಹಿತ್ತಲಿಗೆ ಕಾಲಿಡೋಕ್ಕಾಗ್ತಿಲ್ಲ. ಆ ಅಸಹ್ಯ ಕಣ್ಣಿಂದ ಹೋಗ್ತಾನೇ ಇಲ್ಲ. ಏನಾರ ಮಾಡಿ."

"ಕೋಲಿಗೆ ಬಟ್ಟೆ ಸುತ್ತಿ, ಎಣ್ಣೇಲಿ ಅದ್ದಿ, ಪಂಜು ಹಿಡಿದ್ರೆ ಆಯ್ತಪ್ಪ. ನಮ್ಮಪ್ಪ ಹಂಗೇ ಸುಡ್ತಿದ್ದ."

"ಮಾಡಿ ಮತ್ತೆ! ಹೇಳೋಕೆ ಎಲ್ಲಾ ಬರ್ತೈತೆ. ನಾಳೆ ನಾನೂ ಪಕ್ಕದ್ಮನೆ ಗಂಗುಲಮ್ಮನೂ ಕೈವಾರಕ್ಕೆ ಹೋಗ್ತಿದೀವಿ. ಬರೋಷ್ಟರಲ್ಲಿ ಒಂದೇ ಒಂದು ಇರಕೂಡ್ದು. ಹೆಂಗಾದ್ರೂ ಮಾಡ್ಕಳಿ."

ಮಂಗಳವಾರ ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಜ್ವರಕ್ಕೆ ಕೂತ ಹುಳ ಪೊರೆ ಬಿಡುವ ತನಕ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಸುಮ್ಮನೆ ಇರುತ್ತದೆ. ಆ ಒಂದು ದಿನ ಸಾಕುವವರಿಗೂ ಬಿಡುವು. ರಮೇಶ್‌ಬಾಬು ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಚಿಂತಾಮಣಿಗೆ ಹೋದ. ಮೊಮ್ಮಗಳು ಬಿಂದುಶ್ರೀ ಸ್ಕೂಲಿಗೆ. ಮನೆಯಲ್ಲಿ ಉಳಿದವನು ರಾಮಾಂಜಿನಪ್ಪ ಒಬ್ಬನೇ.

ಸಂಜೆ ವರಲಕ್ಷ್ಮಮ್ಮ ಕೈವಾರದಿಂದ ಬಂದವಳು ಚೀಲ ಕೂಡ ಇಳಿಸದೆ ಹಿತ್ತಲಿಗೆ ಹೋದಳು. ಬೊಡ್ಡೆ ಸ್ವಚ್ಛ. ಬುಡದಲ್ಲಿ ಹೊಸ ಮಣ್ಣು ಮುಚ್ಚಿತ್ತು. ಮರದ ತುಂಬ ಬಿಳಿ ಹೂ, ಅದರ ನಡುವೆ ನೂಲಿನಷ್ಟು ಸಣ್ಣ ಎಳೆಗಾಯಿ ಇಳಿಬಿದ್ದಿದ್ದವು. ಅವಳಿಗೆ ಗಂಡನ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು.

"ಸುಟ್ರಾ?"

"ಹೂಂ, ಸುಟ್ಟೆ," ಅಂದ ರಾಮಾಂಜಿನಪ್ಪ ಪೇಪರಿನಿಂದ ಮುಖ ಎತ್ತದೆ.

ಬೊಡ್ಡೆಯಲ್ಲಿ ಒಂದು ಚೂರೂ ಮಸಿ ಇರಲಿಲ್ಲ. ಅದು ಅವಳ ಕಣ್ಣಿಗೆ ಬಿತ್ತೋ ಇಲ್ಲವೋ, ಬಿದ್ದರೂ ಅದನ್ನು ಕೇಳುವ ಮನಸ್ಸು ಅವತ್ತು ಅವಳಿಗಿರಲಿಲ್ಲ.

ಬುಧವಾರ ಬೆಳಿಗ್ಗೆ ಹುಳ ಜ್ವರದಿಂದ ಎದ್ದಿತು. ಎದ್ದ ಹುಳದ ಹಸಿವು ಹೇಳತೀರದು. ರಮೇಶ್‌ಬಾಬು ಹಿತ್ತಲಿನ ಬೇಲಿಗೆ ತಾಗಿದ ನಾಲ್ಕು ಸಾಲು ಹಿಪ್ಪುನೇರಳೆಯನ್ನು ಕಡ್ಡಿ ಸಮೇತ ಕುಯ್ದು ತಂದ. ಗಂಡಹೆಂಡತಿ ಸೇರಿ ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಹುಳ ಸಾಕುವ ಅಟ್ಟಣೆ ತುಂಬ ಹಾಸಿದರು. ಹುಳ ಸೊಪ್ಪು ಮೇಯುವ ಸದ್ದು ಬಾಗಿಲಾಚೆಗೂ ಕೇಳುತ್ತಿತ್ತು.

ಸಂಜೆ ಐದಕ್ಕೆ ಎಂಟನೇ ಕ್ಲಾಸಿನ ಬಿಂದುಶ್ರೀ ಸ್ಕೂಲಿನಿಂದ ಬಂದಳು. ಹೊಟ್ಟೆ ಹಿಡಿದುಕೊಂಡು ನೇರ ಹುಳದ ಮನೆಗೆ ಹೋಗಿ, ಅಮ್ಮನ ಪಕ್ಕ ನಿಂತು, ಕಿವಿಯಲ್ಲಿ ಏನೋ ಹೇಳಿದಳು. ಭಾನುಪ್ರಿಯಾ ಕೈಯಲ್ಲಿದ್ದ ಸೊಪ್ಪು ಬಿಟ್ಟು ಮಗಳನ್ನು ತಬ್ಬಿಕೊಂಡು ಹೊರಗೆ ಕರೆದುಕೊಂಡು ಬಂದಳು. ಅವಳ ಮುಖ ಅರಳಿತ್ತು.

"ಅತ್ತೆ, ಬಿಂದು ದೊಡ್ಡೋಳಾದ್ಲು."

ವರಲಕ್ಷ್ಮಮ್ಮನ ಬಾಯಿಂದ ಮೊದಲು ಬಂದ ಮಾತು ಇದು: "ಅಯ್ಯೋ, ಹುಳದ ಮನೇಲೇ ಆಗ್ಬೇಕಿತ್ತಾ?"

ಹುಡುಗಿ ಅಜ್ಜಿಯ ಮುಖ ನೋಡಿ ಅಮ್ಮನ ಹಿಂದೆ ಸರಿದಳು. ಭಾನುಪ್ರಿಯಾ ಅದನ್ನು ಕೇಳಿಸಿಕೊಳ್ಳದವಳ ಹಾಗೆ ಗೌರಿಬಿದನೂರಿನ ತಮ್ಮನಿಗೆ ಫೋನ್ ಹಚ್ಚಿದಳು. ದೊಡ್ಡವಳಾದ ಹುಡುಗಿಗೆ ಸೋದರಮಾವನೇ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕಬೇಕು, ಒಂಬತ್ತು ದಿನ ಅವಳು ಅದರಲ್ಲಿ ಕೂರಬೇಕು, ಆಮೇಲೆ ನೀರು ಹಾಕಿ ಆರತಿ ಎತ್ತಿ ಒಸಗೆ ಮಾಡಬೇಕು. ಅದು ಆ ಮನೆತನದ ಕ್ರಮ.

ಗುರುವಾರ ಬೆಳಿಗ್ಗೆ ಹುಳದ ಮನೆಯ ಬಾಗಿಲು ತೆಗೆದ ರಮೇಶ್‌ಬಾಬು ಅಲ್ಲಿಂದಲೇ ಅರಚಿದ. ಎಲ್ಲರೂ ಓಡಿದರು. ಅಟ್ಟಣೆಯ ತುಂಬ ಹುಳ ತಲೆಯನ್ನು ಅತ್ತ ಇತ್ತ ಆಡಿಸುತ್ತ ಬಾಯಿಂದ ಹಸಿರು ನೀರು ಕಾರುತ್ತಿದ್ದವು. ನಿನ್ನೆ ಬೆರಳುದ್ದ ಇದ್ದದ್ದು ಇವತ್ತು ಮುದುಡಿ ಅರ್ಧವಾಗಿತ್ತು. ಕೆಲವು ಅಂಚಿನಿಂದ ಉದುರಿ ನೆಲದ ಮೇಲೆ ಹೊಸಕಿಹೋಗಿದ್ದವು. ಆಗಲೇ ಕೊಳೆತ ಹುಳಿ ವಾಸನೆ ಏಳುತ್ತಿತ್ತು.

ಭಾನುಪ್ರಿಯಾ ಒಂದು ಹುಳವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಇದು ಹಾಲುತೊಂಡೆ ಅಲ್ಲ, ಸಪ್ಪೆ ರೋಗಾನೂ ಅಲ್ಲ. ಔಷಧಿ ಬಿದ್ದಿರೋ ಸೊಪ್ಪು ತಿಂದ್ರೆ ಹಿಂಗೆ ಕಾರೋದು. ಮಾವ, ಪಕ್ಕದ ಹೊಲದ ರವಿಚಂದ್ರಣ್ಣ ಟೊಮೇಟೊಗೆ ಏನಾದ್ರೂ ಹೊಡೆದ್ರಾ?"

ರಾಮಾಂಜಿನಪ್ಪ ಬಾಗಿಲಲ್ಲಿ ನಿಂತಿದ್ದ. "ಹೊಡೆಯೋ ಮುಂಚೆ ನಂಗೆ ಫೋನ್ ಮಾಡ್ತಾರೆ. ಯಾರೂ ಮಾಡಿಲ್ಲ."

"ಮತ್ತೆ ಹೆಂಗಪ್ಪ ಇದು?" ರಮೇಶ್‌ಬಾಬು ತಲೆಗೆ ಕೈ ಹೊತ್ತು ಕೂತ.

ಆಗ ವರಲಕ್ಷ್ಮಮ್ಮ ಅಂದಳು: "ಹೆಂಗೆ ಅಂತ ಕೇಳ್ಬೇಕಾ? ನಿನ್ನೆ ಸಂಜೆ ಆ ಹುಡುಗಿ ಒಳಗೆ ಬರಲಿಲ್ವಾ? ಮೈಲಿಗೇಲಿ?"

ಎಲ್ಲರೂ ರಾಮಾಂಜಿನಪ್ಪನ ಕಡೆ ನೋಡಿದರು. ಬೋರ್ಡು ಬರೆದವನು ಅವನೇ ತಾನೆ. ಅವನು ತಲೆ ಆಡಿಸಿದ.

"ಹೂಂ. ಅದೇ ಇರ್ಬೇಕು."

"ಮಾವ!" ಭಾನುಪ್ರಿಯಾ ಎದ್ದು ನಿಂತಳು. "ಹದಿನೈದು ವರ್ಷದಿಂದ ಇಲ್ಲಿ ಹುಳ ಸಾಕ್ತಿರೋಳು ನಾನು. ನಂಗೆ ಮುಟ್ಟು ಬರಲ್ವಾ? ಜ್ವರ ಎದ್ದ ಹುಳ ಹಸ್ಕೊಂಡಿದ್ದಾಗ ಎಷ್ಟು ಸಲ ಬಾಯಿ ಮುಚ್ಕೊಂಡು ಒಳಗೆ ಹೋಗಿ ಸೊಪ್ಪು ಹಾಕಿದೀನಿ ಗೊತ್ತಾ? ಯಾವತ್ತು ಸತ್ತಿದ್ವು?"

"ಥೂ ನಿನ್ನ!" ವರಲಕ್ಷ್ಮಮ್ಮ ಮುಖ ಕಿವುಚಿದಳು. "ನಾಚ್ಕೆ ಇಲ್ದೆ ಬೇರೆ ಹೇಳ್ತಾಳೆ. ಅಮ್ಮನ ಪಾಪ ಮಗಳ ಕೈಲಿ ಹಣ್ಣಾಯ್ತು ಬಿಡು."

ಇಷ್ಟೆಲ್ಲ ನಡೆಯುವಾಗ ಬಿಂದುಶ್ರೀ ಪಡಸಾಲೆಯ ಮೂಲೆಯಲ್ಲಿ ಚಾಪೆ ಮೇಲೆ ಕೂತಿದ್ದಳು. ಕಿಟಕಿ ತೆರೆದೇ ಇತ್ತು.

ಹತ್ತು ಗಂಟೆಗೆ ಸೋದರಮಾವ ಹರಿಕೃಷ್ಣ ಬೈಕಿನ ಹಿಂದೆ ತೆಂಗಿನ ಗರಿ, ಅತ್ತಿ ಸೊಪ್ಪು, ಹೊಂಗೆ ಚಿಗುರು ಕಟ್ಟಿಕೊಂಡು, ಹೊಸ ಲಂಗ ದಾವಣಿ ತೆಗೆದುಕೊಂಡು, ನಗುನಗುತ್ತಾ ಬಂದ. ಬಂದವನಿಗೆ ಒಬ್ಬರೂ ನೀರು ಕೊಡಲಿಲ್ಲ. ಅಂಗಳದಲ್ಲಿ ರಮೇಶ್‌ಬಾಬು ಸತ್ತ ಹುಳವನ್ನು ಸಲಿಕೆಯಲ್ಲಿ ಬಾಚಿ ಚೀಲಕ್ಕೆ ತುಂಬುತ್ತಿದ್ದ.

"ಏನ್ ಭಾವ ಇದು?"

"ನಿನ್ನ ಅಕ್ಕನ ಮಗಳನ್ನೇ ಕೇಳು," ಅಂದ ರಮೇಶ್‌ಬಾಬು.

ಹರಿಕೃಷ್ಣ ಯಾರನ್ನೂ ಏನೂ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಮಾವಿನ ಮರದ ಪಕ್ಕ ನಾಲ್ಕು ಗಳ ನೆಟ್ಟು ಗುಡ್ಲು ಹಾಕಿದ. ತಂದ ಸೊಪ್ಪು ಸಾಲದೆ ಮಾವಿನ ಚಿಗುರು ನಾಲ್ಕು ಕೊಂಬೆ ಮುರಿದುಕೊಂಡ. ವರಲಕ್ಷ್ಮಮ್ಮ ಒಳಗಿಂದಲೇ ಗೊಣಗಿದಳು. ಅವನು ಇನ್ನೂ ಎರಡು ಕೊಂಬೆ ಮುರಿದ.

ಸತ್ತ ಹುಳವನ್ನು ಕಾಲುವೆಯಾಚೆ ಗುಂಡಿ ತೋಡಿ ಹೂತರು. ಆದರೂ ವಾಸನೆ ಹೋಗಲಿಲ್ಲ. ಸಂಜೆ ಮಲ್ಲಿಗೆ ಬಿರಿಯುವ ಹೊತ್ತಿಗೆ ಹಿತ್ತಲಲ್ಲಿ ಎರಡೂ ಕಲಸಿಕೊಂಡು ಬರುತ್ತಿತ್ತು. ವರಲಕ್ಷ್ಮಮ್ಮ ಮೂಗು ಮುಚ್ಚಿಕೊಂಡೇ ಮೊಮ್ಮಗಳಿಗೆ ಊಟ ತೆಗೆದುಕೊಂಡು ಹೋಗುತ್ತಿದ್ದಳು. ತಟ್ಟೆಯನ್ನು ಗುಡ್ಲಿನ ಬಾಯಲ್ಲಿಟ್ಟು ಕೋಲಿನಿಂದ ಒಳಗೆ ತಳ್ಳುತ್ತಿದ್ದಳು. ಮುಟ್ಟಬಾರದು ಎನ್ನುವುದು ಶಾಸ್ತ್ರ. ಆದರೆ ಮುಖ ಸಿಂಡರಿಸಿಕೊಂಡು ತಳ್ಳಬೇಕು ಎಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ. ಅದು ಅವಳದೇ.

ಶುಕ್ರವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಪಕ್ಕದ ಮನೆ ಗಂಗುಲಮ್ಮ ಬೇಲಿಯಾಚೆ ನಿಂತು ಕೇಳಿದಳು. ಅವಳ ಬಾಯಲ್ಲಿ ತೆಲುಗು ಕನ್ನಡ ಎರಡೂ ಒಟ್ಟಿಗೇ ಬರುತ್ತಿದ್ದವು.

"ಏಂ ವರಲಕ್ಷ್ಮಮ್ಮ, ಬೆಳೆ ಪೂರಾ ಪೋಯಿಂದಾ? ಪಾಪ. ತಪ್ಪು ತಿಳೀಬ್ಯಾಡ, ನಮ್ಮವು ಮೂರನೇ ಜ್ವರದಲ್ಲವೆ. ನಿಮ್ಮ ಹುಡುಗಿ ಎದ್ದ ಮೇಲೆ ನಮ್ಮನೆ ಕಡೆ ಸ್ವಲ್ಪ ಬರದಂಗೆ ನೋಡ್ಕೊಳಮ್ಮ."

ಗುಡ್ಲು ಅಲ್ಲಿಂದ ಹತ್ತು ಹೆಜ್ಜೆ. ಬಿಂದುಶ್ರೀ ಅವತ್ತಿನಿಂದ ಕೈ ತೊಳೆಯುವುದನ್ನು ಹಿಡಿದಳು. ಕೊಟ್ಟ ಒಂದು ಬಕೆಟ್ ನೀರು ಮಧ್ಯಾಹ್ನಕ್ಕೇ ಖಾಲಿ. ಸೋಪಿನ ಬಿಲ್ಲೆ ಎರಡು ದಿನಕ್ಕೆ ಸವೆದುಹೋಯಿತು.

ಶನಿವಾರ ವರಲಕ್ಷ್ಮಮ್ಮ ನುಗ್ಗೆಸೊಪ್ಪಿನ ಬಸ್ಸಾರು ಮಾಡಿದಳು. ತುದಿಯ ಎಳೆಸೊಪ್ಪು, ಹಳದಿ ಇಲ್ಲದ ಹಸಿರು. ದೊಡ್ಡವಳಾದ ಹುಡುಗಿಗೆ ರಕ್ತ ಊರಬೇಕು ಎಂದು ಗುಡ್ಲಿನ ತಟ್ಟೆಗೆ ಪಲ್ಯವನ್ನು ಎರಡು ಪಾಲು ಹಾಕಿದಳು. ಇದನ್ನು ಹೇಳಲೇಬೇಕು, ಅವಳಿಗೆ ಮೊಮ್ಮಗಳ ಮೇಲೆ ಅಕ್ಕರೆ ಇರಲಿಲ್ಲವೆಂದಲ್ಲ. ಜಗಲಿಯಲ್ಲಿ ಕೂತಿದ್ದ ರಾಮಾಂಜಿನಪ್ಪ ಆ ತಟ್ಟೆ ತನ್ನ ಮುಂದೆ ಹಾದುಹೋಗುವುದನ್ನು ನೋಡಿದ. ಬಸ್ಸಾರು ಅಂದರೆ ಎರಡು ಮುದ್ದೆಗೆ ಮೂರನೆಯದು ಕೇಳುವ ಮನುಷ್ಯ, ಅವತ್ತು ತಟ್ಟೆ ಸರಿಸಿದ.

"ಹೊಟ್ಟೆ ಯಾಕೋ ಸರಿಯಿಲ್ಲ. ಮಜ್ಜಿಗೆ ಅನ್ನ ಹಾಕು."

ಮೂರು ಗಂಟೆಗೆ ಬಿಂದುಶ್ರೀ ವಾಂತಿ ಮಾಡಿದಳು. ಮತ್ತೆ ಮಾಡಿದಳು. ವರಲಕ್ಷ್ಮಮ್ಮನಿಗೂ ಹೊಟ್ಟೆ ತೊಳಸಿತು, ರಮೇಶ್‌ಬಾಬುವಿಗೆ ತಲೆ ತಿರುಗಿತು. ಸಿಟ್ಟಿನಲ್ಲಿ ಊಟ ಬಿಟ್ಟಿದ್ದ ಭಾನುಪ್ರಿಯಾ ಒಬ್ಬಳೇ ನೆಟ್ಟಗಿದ್ದಳು. ಗುಡ್ಲು ಬಿಟ್ಟು ಏಳಬಾರದು ಎಂದು ಅತ್ತೆ ಅಡ್ಡ ನಿಂತರೆ, "ಸರೀರಿ ಆಕಡೆ" ಎಂದು ಮಗಳನ್ನು ಆಟೋದಲ್ಲಿ ಶಿಡ್ಲಘಟ್ಟದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದಳು.

"ಏನಂದ್ರು?" ಕೇಳಿದಳು ವರಲಕ್ಷ್ಮಮ್ಮ.

"ಏನು ತಿಂದಿದ್ದು ಅಂತ ಕೇಳಿದ್ರು. ಸೊಪ್ಪು ಅಂದೆ. ಚೆನ್ನಾಗಿ ತೊಳೆದಿದ್ರಾ ಅಂದ್ರು. ಇಂಜೆಕ್ಷನ್ ಕೊಟ್ಟು, ಓಆರ್‌ಎಸ್ ಕುಡಿಸಿ ಅಂದ್ರು."

"ನಮ್ಮ ಹಿತ್ತಲ ಸೊಪ್ಪಿಗೆ ಏನಾಗೈತೆ? ಮೂರು ನೀರಲ್ಲಿ ತೊಳೆದಿದೀನಿ. ಹುಡುಗಿಗೆ ಏನೋ ಸೋಕೈತೆ ಅಷ್ಟೆ."

ಭಾನುವಾರ ಅಪ್ಪ ಮಗ ಜಗಲಿಯಲ್ಲಿ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ರಮೇಶ್‌ಬಾಬು ಅದನ್ನು ಊಟದ ಹೊತ್ತಿಗೆ ಹೇಳಿದ.

"ಬಿಂದೂನ ಚಿಂತಾಮಣಿ ಹಾಸ್ಟೆಲ್‌ಗೆ ಹಾಕೋಣ. ಮನೇಲಿದ್ರೆ ತಿಂಗಳು ತಿಂಗಳು ಇದೇ ಗೋಳು. ಊರವರೂ ಒಂಥರಾ ನೋಡ್ತಾರೆ. ಒಸಗೆ ಗಿಸಗೆ ಏನೂ ಬ್ಯಾಡ."

"ಒಸಗೆ ಬಿಟ್ರೆ ನನ್ನ ತಮ್ಮ ಸುಮ್ನಿರಲ್ಲ," ಅಂದಳು ಭಾನುಪ್ರಿಯಾ. "ಇನ್ನು ಹಾಸ್ಟೆಲ್. ಅಲ್ಲಿಗೆ ಹಾಕಿದ್ರೆ ಊರಲ್ಲಿ ಏನಂತಾರೆ ಹೇಳಿ? ಹುಳ ಸಾಯ್ಸಿದ ಹುಡುಗೀನ ಮನೆಯಿಂದ ಆಚೆ ಹಾಕಿದ್ರು ಅಂತಾರೆ. ಅದು ಅವಳ ಮದುವೆ ತನಕ ಹಿಂದೆ ಬರುತ್ತೆ. ಅವಳ ಮಕ್ಕಳ ತನಕ ಬರುತ್ತೆ."

"ಎಲ್ಲಾ ಒಳ್ಳೇದಕ್ಕೇ ಕಣಮ್ಮ," ಅಂದ ರಾಮಾಂಜಿನಪ್ಪ ಮೆಲ್ಲಗೆ. "ಓದ್ಕೊಳ್ಲಿ ಬಿಡು."

ಮಂಗಳವಾರ ಬೆಳಿಗ್ಗೆ ವರಲಕ್ಷ್ಮಮ್ಮ ದೋಟಿ ಹಿಡಿದು ನುಗ್ಗೆಮರದ ಕೆಳಗೆ ನಿಂತಿದ್ದಳು. ಹರಿಕೃಷ್ಣನ ಹಟಕ್ಕೆ ಗುರುವಾರ ಹತ್ತು ಹದಿನೈದು ಜನಕ್ಕೆ ಊಟ ಹಾಕಿ ಆರತಿ ಮಾಡುವುದೆಂದು ಆಗಿತ್ತು. ಹಿತ್ತಲು ಅಷ್ಟೆಲ್ಲ ಕೊಡುತ್ತಿರುವಾಗ ತರಕಾರಿಗೆ ಸಂತೆಗೆ ಹೋಗುವುದೇಕೆ? ಬದನೆ ಇದೆ, ನುಗ್ಗೆ ಹೂವಿನ ಪಲ್ಯ ಮಾಡಿದರೆ ಬಂದವರು ವರ್ಷಪೂರ್ತಿ ನೆನೆಯುತ್ತಾರೆ. ಹಿಂದೆ ಹೆಜ್ಜೆ ಸಪ್ಪಳವಾಯಿತು. ರಾಮಾಂಜಿನಪ್ಪ.

"ಆ ಮರದ್ದು ಸ್ವಲ್ಪ ದಿನ ಬ್ಯಾಡ ಕಣೆ."

"ಯಾಕೆ?"

"ಬ್ಯಾಡ ಅಂದ್ನಲ್ಲ. ಹೊರಗಿನ ಜನ ಬರ್ತಾರೆ. ಏನಾರ ಆದ್ರೆ..."

ವರಲಕ್ಷ್ಮಮ್ಮ ದೋಟಿ ಕೆಳಗಿಳಿಸಿದಳು. ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡದೆ ಮರದ ಬುಡ ನೋಡುತ್ತಿದ್ದ.

"ಏನು ಹೊಡೆದ್ರಿ ಇದಕ್ಕೆ?"

ಅವನು ಕಾಲಿನಿಂದ ಬುಡದ ಮಣ್ಣು ಸರಿಮಾಡತೊಡಗಿದ.

"ಸುಟ್ಟೆ ಅಂದ್ರಲ್ಲ. ಏನು ಹೊಡೆದ್ರಿ ಅಂತ ಕೇಳ್ದೆ."

"ಪಂಜು ಹತ್ತಲಿಲ್ಲ," ಅಂದ ಕೊನೆಗೆ. "ದ್ರಾಕ್ಷಿ ತೋಟ ಇದ್ದಾಗಿನ ಔಷಧಿ ಬಾಟ್ಲಿ ಕೊಟ್ಟಿಗೆ ಅಟ್ಟದ ಮೇಲಿತ್ತು. ಹಳೇದು, ಪವರ್ ಹೋಗಿರ್ತೈತೆ ಅಂದ್ಕೊಂಡೆ. ಗಾಳಿ ಆಕಡೆ ತಿರುಗ್ತು. ನಾನೇನು ಬೇಕು ಅಂತ ಮಾಡಿದ್ನಾ? ನೀನೇ ತಾನೆ ಹೇಳಿದ್ದು, ಒಂದೂ ಇರಕೂಡ್ದು, ಹೆಂಗಾದ್ರೂ ಮಾಡ್ಕಳಿ ಅಂತ."

ಬೇಲಿಯಾಚೆ ಕುಯ್ದುಬಿಟ್ಟ ನಾಲ್ಕು ಸಾಲು ಹಿಪ್ಪುನೇರಳೆ ಬೋಳಾಗಿ ನಿಂತಿತ್ತು. ಮರದ ಕೊಂಬೆಗಳು ಅದರ ಮೇಲೇ ಚಾಚಿದ್ದವು. ಇದನ್ನು ಕುರುಡರೂ ಕಂಡುಕೊಳ್ಳಬಹುದಿತ್ತು.

"ಮಗೂಗೆ ಸೊಪ್ಪು ತಗೊಂಡು ಹೋದಾಗ ಜಗಲೀಲಿ ಕೂತಿದ್ರಿ ನೀವು. ನಿಮ್ಮ ಮೂಗಿನ ಮುಂದೆ ತಟ್ಟೆ ಹೋಯ್ತು."

"ಅಷ್ಟು ಸೊಪ್ಪಿಗೆ ಏನಾಗಲ್ಲ ಅಂದ್ಕೊಂಡೆ."

"ಹಂಗಾದ್ರೆ ನೀವ್ಯಾಕೆ ತಿನ್ಲಿಲ್ಲ?"

ಅವನು ಹಾಲಿನ ಡೇರಿಯಲ್ಲಿ ರೈತರನ್ನು ಸಮಾಧಾನ ಮಾಡುತ್ತಿದ್ದ ದನಿಯಲ್ಲೇ ಹೇಳಿದ: "ನೋಡು, ಊರಿಗೆಲ್ಲ ಔಷಧಿ ಹೊಡೀಬ್ಯಾಡಿ ಅಂತ ಹೇಳಿದೋನು ನಾನು. ಈಗ ನಾನೇ ಅಂದ್ರೆ ಬೀದೀಲಿ ತಲೆಯೆತ್ತೋಕ್ಕಾಗ್ತೈತಾ? ಅವಳು ಹುಡುಗಿ. ನಾಕು ದಿನ ಅಂತಾರೆ, ಮರೀತಾರೆ. ಹೆಂಗೂ ಹಾಸ್ಟೆಲ್‌ಗೆ ಹೋಗ್ತಾಳೆ. ಹುಡುಗಿಯಿಂದ್ಲೇ ಅಂತ ಮೊದಲು ಅಂದೋಳು ನೀನೇ ಅಲ್ವಾ."

ಬಿಳಿ ಅಂಗಿಯ ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ನಿಂತಿದ್ದ ಆ ಮನುಷ್ಯನನ್ನು ನೋಡಿ ವರಲಕ್ಷ್ಮಮ್ಮನಿಗೆ ಮೈಯೆಲ್ಲ ಮುಳ್ಳೆದ್ದಿತು. ನಲವತ್ತೆರಡು ವರ್ಷ ಇವನ ಎಂಜಲು ತಟ್ಟೆ ಎತ್ತಿದ್ದೇನೆ, ಇವನ ಪಕ್ಕ ಮಲಗಿದ್ದೇನೆ ಎಂದು ನೆನೆದು ಹೇಸಿಕೆಯಾಯಿತು. ಕಂಬಳಿ ಹುಳ ಕಾಫಿಗೆ ಬಿದ್ದಾಗಲೂ ಇಷ್ಟು ಅಸಹ್ಯವಾಗಿರಲಿಲ್ಲ.

ಆದರೂ ಅವತ್ತು ಅವಳು ಯಾರಿಗೂ ಹೇಳಲಿಲ್ಲ. ಅದನ್ನೂ ಇಲ್ಲಿ ಹೇಳಿಬಿಡಬೇಕು. ಹೇಳಿದರೆ ಸೊಸೆಯ ಮುಂದೆ ತಲೆ ತಗ್ಗಿಸಬೇಕು. ಮೈಲಿಗೆ ಎಂದು ಮೊದಲು ಬಾಯಿ ಬಿಟ್ಟವಳು ತಾನೇ. ಮಂಗಳವಾರ ಪೂರ್ತಿ ಬಾಯಿ ಹೊಲಿದುಕೊಂಡು ಓಡಾಡಿದಳು. ಬುಧವಾರ ಬೆಳಿಗ್ಗೆ ಗುಡ್ಲಿಗೆ ತಿಂಡಿ ತೆಗೆದುಕೊಂಡು ಹೋದರೆ ಬಿಂದುಶ್ರೀ ಎರಡೂ ಕೈಯನ್ನು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದಳು. ಬೆರಳ ಸಂದಿಯಲ್ಲಿ ಚರ್ಮ ಬಿರಿದು ಕೆಂಪಗಾಗಿತ್ತು.

"ಅಜ್ಜಿ, ಇನ್ನೊಂದು ಸೋಪು ಕೊಡ್ತೀರಾ? ವಾಸನೆ ಹೋಗ್ತಾ ಇಲ್ಲ."

"ಏನು ವಾಸನೆ ಮಗ?"

"ಹುಳದ್ದು. ನನ್ನ ಮೈಯಿಂದಾನೇ ಬರ್ತಿದೆ."

ವರಲಕ್ಷ್ಮಮ್ಮ ಕೋಲನ್ನು ಅಲ್ಲೇ ಹಾಕಿ ಒಳಗೆ ನುಗ್ಗಿ ಆ ಕೈ ಹಿಡಿದುಕೊಳ್ಳಲು ಹೋದಳು. ಹುಡುಗಿ ಹಿಂದಕ್ಕೆ ಜರುಗಿ, "ಮುಟ್ಬೇಡಿ ಅಜ್ಜಿ, ನೀವು ಹಿತ್ತಲಲ್ಲಿ ಓಡಾಡ್ತೀರ, ಗಿಡ ಸತ್ತೋಗುತ್ತೆ" ಅಂದಳು. ಅಣಕವಾಡಿದ್ದಲ್ಲ, ನಿಜವಾಗಿಯೂ ನಂಬಿ ಹೇಳಿದ್ದು. ಒಂದು ದಿನ ಸುಮ್ಮನಿದ್ದೆನಲ್ಲ ಎಂದು ವರಲಕ್ಷ್ಮಮ್ಮನಿಗೆ ತನ್ನ ಮೇಲೇ ವಾಕರಿಕೆ ಬಂತು.

ಗುರುವಾರ ಒಸಗೆ. ಬಿಂದುಶ್ರೀಗೆ ಅರಿಸಿನ ಹಚ್ಚಿ ನೀರು ಹಾಕಿ, ಮಾವ ತಂದ ಲಂಗ ದಾವಣಿ ಉಡಿಸಿ ಪಡಸಾಲೆಯಲ್ಲಿ ಕೂರಿಸಿದರು. ಗಂಗುಲಮ್ಮ ಬಂದಿದ್ದಳು, ಆದರೆ ಬಾಗಿಲ ಹತ್ತಿರವೇ ಕೂತಿದ್ದಳು. ಟೊಮೇಟೊ ತೋಟದ ರವಿಚಂದ್ರ, ಓಣಿಯ ಅನಸೂಯಮ್ಮ, ಇನ್ನೂ ಏಳೆಂಟು ಜನ ಇದ್ದರು. ಆರತಿಗೆ ಮುಂಚೆ ಊಟ. ಎಲೆ ಹಾಕಿದರು. ಎಲ್ಲರಿಗೂ ಸಂತೆಯಿಂದ ತಂದ ಹುರುಳಿಕಾಯಿ ಪಲ್ಯ, ತಿಳಿಸಾರು, ಹೋಳಿಗೆ. ವರಲಕ್ಷ್ಮಮ್ಮ ಒಳಗಿಂದ ಒಂದು ಚಿಕ್ಕ ಪಾತ್ರೆ ತಂದು ಗಂಡನ ಎಲೆಯ ಮುಂದೆ ಮಂಡಿಯೂರಿ ಕೂತು, ನುಗ್ಗೆಸೊಪ್ಪಿನ ಪಲ್ಯವನ್ನು ಎರಡು ಸೌಟು ಬಡಿಸಿದಳು.

"ನಿಮಗಿಷ್ಟ ಅಂತ ಬೇರೆಯಾಗಿ ಮಾಡ್ದೆ. ನಮ್ಮ ಹಿತ್ತಲದ್ದು."

ರಾಮಾಂಜಿನಪ್ಪನ ಕೈ ಎಲೆಯ ಮೇಲೆ ನಿಂತಿತು. "ಇವತ್ತು ಹೊಟ್ಟೆ..."

"ಒಂದು ತುತ್ತು ತಿನ್ನಿ. ನೀವು ಒಂದು ತುತ್ತು ತಿಂದ್ರೆ ಹುಳ ಸತ್ತಿದ್ದು ಮಗೂನಿಂದ್ಲೇ ಅಂತ ಇಲ್ಲಿರೋರ ಮುಂದೆ ನಾನೂ ಹೇಳ್ತೀನಿ."

ರಮೇಶ್‌ಬಾಬು ಅಪ್ಪನ ಮುಖ ನೋಡಿದ, ಪಲ್ಯ ನೋಡಿದ.

"ಏನಮ್ಮ ಇದು? ತಿನ್ನಪ್ಪ, ಏನಾಯ್ತೀಗ?"

ರಾಮಾಂಜಿನಪ್ಪ ಎಲೆಯಿಂದ ಕೈ ತೆಗೆದ. ಹಣೆಯ ಬೆವರು ಮೂಗಿಗಿಳಿಯಿತು, ಒರೆಸಿಕೊಳ್ಳಲಿಲ್ಲ.

"ತಿನ್ನಲ್ಲ," ಅಂದಳು ವರಲಕ್ಷ್ಮಮ್ಮ ಎದ್ದು ನಿಂತು. "ಹೋದ ಶನಿವಾರಾನೂ ತಿನ್ಲಿಲ್ಲ. ನಾವು ತಿಂದ್ವಿ, ಮಗು ತಿಂತು, ನೋಡ್ತಾ ಕೂತಿದ್ರು. ನುಗ್ಗೆಮರಕ್ಕೆ ದ್ರಾಕ್ಷಿ ಔಷಧಿ ಹೊಡೆದೋರು ಇವರು. ಗಾಳೀಲಿ ಸೊಪ್ಪಿಗೆ ಬಿದ್ದಿದ್ದು ಅದು, ಹುಳ ತಿಂದಿದ್ದು ಅದು. ಹೊಡೀರಿ ಅಂತ ತಲೆ ತಿಂದೋಳು ನಾನು. ಹುಡುಗಿ ಕಡೆ ಬೊಟ್ಟು ತೋರ್ಸಿದೋಳೂ ನಾನು. ಗಂಗುಲಮ್ಮ, ಕೇಳಿಸ್ಕೊಂಡ್ಯಾ? ಊರಿಗೆಲ್ಲ ಹೇಳು. ಮೊದಲು ಹೇಳಿದ್ದಕ್ಕಿಂತ ಜೋರಾಗಿ ಹೇಳು."

ರವಿಚಂದ್ರ ಎಲೆ ಮಡಚಿದ. ಹರಿಕೃಷ್ಣ ಎದ್ದು ಹೋಗಿ ಹೊರಗೆ ಉಗಿದು ಬಂದ. ರಮೇಶ್‌ಬಾಬು ಅಪ್ಪನ ಮುಂದಿನ ಎಲೆಯನ್ನು ಪಲ್ಯದ ಸಮೇತ ಎತ್ತಿಕೊಂಡು ಹೋಗಿ ಆಚೆ ಎಸೆದು ಬಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನ ಕಣ್ಣು ತುಂಬಿತ್ತು.

"ಬಿಂದಮ್ಮ, ತಪ್ಪಾಯ್ತು ಕಣಮ್ಮ. ನಿಂದೇನೂ ಇಲ್ಲ. ಹಾಸ್ಟೆಲ್ ಗೀಸ್ಟೆಲ್ ಏನೂ ಬ್ಯಾಡ. ನಾನೇ ಫೋನ್ ಮಾಡಿ ಬರಲ್ಲ ಅಂತ ಹೇಳ್ತೀನಿ."

ಬಿಂದುಶ್ರೀ ಅಪ್ಪನನ್ನು ನೋಡಿದಳು. ಆಮೇಲೆ ತಾತನನ್ನು, ಅಜ್ಜಿಯನ್ನು. ಒಂಬತ್ತು ದಿನದಲ್ಲಿ ಅವಳ ದನಿ ಇಳಿದುಹೋಗಿತ್ತು, ಆದರೆ ಪಡಸಾಲೆಗೆಲ್ಲ ಕೇಳಿತು.

"ತಾತ ಔಷಧಿ ಹೊಡೀದೆ, ಯಾವುದೋ ರೋಗ ಬಂದು ಹುಳ ಸತ್ತಿದ್ರೆ?"

ರಮೇಶ್‌ಬಾಬು ತಲೆ ತಗ್ಗಿಸಿದ.

"ಆಗ್ಲೂ ನಾನೇನೂ ಮಾಡಿರ್ತಿರಲಿಲ್ಲ ಅಲ್ವಾ ಅಪ್ಪ. ಆದ್ರೂ ನಾನೇ ಅಂತಿದ್ರಿ. ಸಾಯೋ ತನಕ ಅಂತಿದ್ರಿ."

"ಹಂಗಲ್ಲ ಮಗ..." ಎಂದು ವರಲಕ್ಷ್ಮಮ್ಮ ಮುಂದೆ ಬಂದಳು.

"ಫೋನ್ ಮಾಡ್ಬೇಡಿ ಅಪ್ಪ," ಅಂದಳು ಬಿಂದುಶ್ರೀ. "ನಾನು ಹಾಸ್ಟೆಲ್‌ಗೆ ಹೋಗ್ತೀನಿ. ನನಗೆ ಈ ಮನೆ ಊಟ ಸೇರಲ್ಲ."

ಭಾನುಪ್ರಿಯಾ ಆರತಿ ತಟ್ಟೆಯನ್ನು ಕೆಳಗಿಟ್ಟು ಒಳಗೆ ಹೋಗಿ, ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಿ, ಧೂಳು ಒರೆಸತೊಡಗಿದಳು.